ಸೊಳ್ಳೆ ಹುಟ್ಟುವುದು ನಳ ಬಾರದ ದಿನಗಳಲ್ಲಿ

ವಿಜಯಪುರದ ನಮ್ಮ ಓಣಿಗೆ ಮಳೆಗಾಲದಲ್ಲಿ ಆಶಾ ಕಾರ್ಯಕರ್ತೆ ಬರುತ್ತಾರೆ. ಕೈಯಲ್ಲಿ ಟಾರ್ಚ್, ಬಗಲಲ್ಲಿ ರಿಜಿಸ್ಟರ್. ಒಮ್ಮೆ ಬಂದಾಗ ನಮ್ಮ ಸೋದರತ್ತೆಯ ಹಿತ್ತಲಲ್ಲಿದ್ದ ನೀಲಿ ಬ್ಯಾರಲ್ ಒಳಗೆ ಟಾರ್ಚ್ ಬಿಟ್ಟು ನೋಡಿದರು. ಸಣ್ಣ ಸಣ್ಣ ಹುಳಗಳು ಮೈ ಕೊಂಕಿಸುತ್ತ ತಳಕ್ಕೆ ಇಳಿದವು.

"ಅಮ್ಮಾರ, ಹುಳ ಆಗ್ಯಾವ ನೋಡ್ರಿ. ಈ ನೀರು ಚೆಲ್ರಿ."

"ಚೆಲ್ತೀನಿ ತಗೋ. ನಾಳೆ ಭಾಂಡೆ ತಿಕ್ಕಾಕ ನೀ ನೀರು ತಂದ ಕೊಡ್ತಿ ಏನವಾ?"

ಆಕೆ ನಕ್ಕರು. ಏನೂ ಹೇಳಲಿಲ್ಲ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ತಾರೀಖು ಬರೆದು ಮುಂದಿನ ಮನೆಗೆ ಹೋದರು.

ಅತ್ತೆಯ ಈ ಪ್ರಶ್ನೆಯನ್ನು ಬದಿಗಿಟ್ಟು ವಿಜಯಪುರ, ಬಾಗಲಕೋಟೆ ಕಡೆ ಡೆಂಗಿ ತಡೆಯುವ ಮಾತು ಆಡುವುದು ದಂಡ. ಜೂನ್ ಬಂತೆಂದರೆ ಅದೇ ಪೋಸ್ಟರ್, ಅದೇ ಜಾಥಾ, ಅದೇ ಹೊಗೆ ಗಾಡಿ. "ನೀರು ನಿಲ್ಲಲು ಬಿಡಬೇಡಿ" ಎಂದು ಬರೆದಿರುತ್ತಾರೆ. ನೀರು ನಿಲ್ಲಿಸದೆ ನಾವು ಬದುಕುವುದು ಹೇಗೆ? ನಮ್ಮ ಕಡೆ ನಳ ದಿನಾ ಬರುವುದಿಲ್ಲ. ಮೂರು ದಿನಕ್ಕೆ, ಐದು ದಿನಕ್ಕೆ, ಬಿರು ಬೇಸಿಗೆಯಲ್ಲಿ ಅದಕ್ಕಿಂತಲೂ ತಡವಾಗಿ ಬರುತ್ತದೆ. ಬಂದ ದಿನ ಮನೆಯಲ್ಲಿರುವ ಕೊಡ, ಹಂಡೆ, ಬ್ಯಾರಲ್, ಹೌದು (ನೀರಿನ ತೊಟ್ಟಿ), ಸಿಂಟೆಕ್ಸ್ ಎಲ್ಲವೂ ತುಂಬಬೇಕು. ಯಾರ ಮನೆಯಲ್ಲಿ ಎಷ್ಟು ಬ್ಯಾರಲ್ ಇವೆ ಎನ್ನುವುದೇ ಇಲ್ಲಿ ಸಂಸಾರ ನಡೆಸುವ ಜಾಣತನದ ಲೆಕ್ಕ.

ಆ ಬ್ಯಾರಲ್ಲೇ ಡೆಂಗಿ ಸೊಳ್ಳೆಯ ಹೆರಿಗೆ ಮನೆ.

ಎಲ್ಲ ಗುಂಗಾಡಿಯೂ ಒಂದೇ ಅಲ್ಲ

ನಮ್ಮ ಕಡೆ ಸೊಳ್ಳೆಗೆ ಗುಂಗಾಡಿ ಅಂತಲೂ ಅನ್ನುತ್ತಾರೆ. ಕಿವಿಯ ಹತ್ತಿರ ಗುಂಯ್ ಅನ್ನುತ್ತದಲ್ಲ, ಅದಕ್ಕೆ. ಆದರೆ ರಾತ್ರಿ ಗುಂಯ್ ಎಂದು ನಿದ್ದೆ ಕೆಡಿಸುವುದು ಹೆಚ್ಚಾಗಿ ಕ್ಯೂಲೆಕ್ಸ್ ಜಾತಿಯ ಸೊಳ್ಳೆ. ಅದು ಹುಟ್ಟುವುದು ಗಟಾರದಲ್ಲಿ, ಬಚ್ಚಲ ಗುಂಡಿಯಲ್ಲಿ, ಹೊಲಸು ನೀರಿನಲ್ಲಿ. ಆನೆಕಾಲು ರೋಗ ಹರಡುವುದು ಅದು. ರಾಜ್ಯದಲ್ಲಿ ಆನೆಕಾಲು ಇರುವ ಜಿಲ್ಲೆಗಳ ಪಟ್ಟಿಯಲ್ಲಿ ವಿಜಯಪುರ, ಬಾಗಲಕೋಟೆ ಎರಡೂ ಇವೆ. ಮಲೇರಿಯಾ ತರುವ ಅನಾಫಿಲಿಸ್ ಬೇರೆ ಜಾತಿಯದು. ಕಾಲುವೆಯ ಸೋರಿಕೆ, ಹಳ್ಳದ ತಿಳಿ ಹೊಂಡ, ಬಾವಿ, ಹೊಲದ ಅಂಚಿನಲ್ಲಿ ನಿಂತ ನೀರು ಅದಕ್ಕೆ ಇಷ್ಟ.

ಡೆಂಗಿ, ಚಿಕೂನ್‌ಗುನ್ಯಾ ತರುವ ಈಡಿಸ್ ಮಾತ್ರ ಮನೆಯ ಸೊಳ್ಳೆ. ಕಾಲ ಮೇಲೆ ಬಿಳಿ ಪಟ್ಟೆ. ಕಚ್ಚುವುದು ಹಗಲು ಹೊತ್ತಿನಲ್ಲಿ, ಅದರಲ್ಲೂ ಬೆಳಗ್ಗೆ ಮತ್ತು ಸಂಜೆಯ ಮುಂಚೆ ಜಾಸ್ತಿ. ಸದ್ದು ಕಡಿಮೆ. ಗಟಾರದ ನೀರಿನ ಕಡೆ ಅಷ್ಟಾಗಿ ಹೋಗುವುದಿಲ್ಲ. ನೀವು ಕುಡಿಯಲು, ಬಳಸಲು ಹಿಡಿದಿಟ್ಟ ನೀರೇ ಅದಕ್ಕೂ ಬೇಕು. "ನಮ್ಮ ಮನಿ ಭಾಳ ಸ್ವಚ್ಛ ಅದರೀ, ನಮ್ಮಲ್ಲಿ ಹೆಂಗ ಡೆಂಗಿ ಬಂತು?" ಎಂದು ಕೇಳುವವರು ಪ್ರತಿ ವರ್ಷ ಸಿಗುತ್ತಾರೆ. ಮನೆ ಸ್ವಚ್ಛ ಇರಬಹುದು. ಪ್ರಶ್ನೆ ಕಸದ್ದಲ್ಲ, ಕೊಡದ್ದು.

ಈಡಿಸ್ ಮೊಟ್ಟೆ ಇಡುವ ರೀತಿ ನೋಡಿ. ನೀರಿನೊಳಗೆ ಇಡುವುದಿಲ್ಲ. ನೀರಿನ ಮಟ್ಟಕ್ಕಿಂತ ತುಸು ಮೇಲೆ, ಪಾತ್ರೆಯ ಒದ್ದೆ ಗೋಡೆಗೆ ಅಂಟಿಸುತ್ತದೆ. ಒಂದು ಸಲಕ್ಕೆ ನೂರರ ಆಸುಪಾಸು. ಅವನ್ನು ಒಂದೇ ಕಡೆ ಇಡುವುದೂ ಇಲ್ಲ, ನಾಲ್ಕಾರು ಪಾತ್ರೆಗಳಿಗೆ ಹಂಚುತ್ತದೆ. ನೀರು ಇಳಿದು ಗೋಡೆ ಒಣಗಿದರೂ ಮೊಟ್ಟೆ ಸಾಯುವುದಿಲ್ಲ. ತಿಂಗಳುಗಟ್ಟಲೆ ಹಾಗೇ ಅಂಟಿಕೊಂಡು ಕಾಯುತ್ತದೆ. ಮತ್ತೆ ನೀರು ಏರಿ ಮುಳುಗಿಸಿತೆಂದರೆ ಒಡೆಯುತ್ತದೆ. ಅಲ್ಲಿಂದ ಹಾರುವ ಸೊಳ್ಳೆಯಾಗಲು ನಮ್ಮ ಬಿಸಿಲಿಗೆ ಏಳರಿಂದ ಹತ್ತು ದಿನ ಸಾಕು.

ಮೂಲದಲ್ಲಿ ಇದು ಮರದ ಪೊಟರೆಯ ಸೊಳ್ಳೆ. ಮಳೆ ಬಂದಾಗ ಪೊಟರೆ ತುಂಬುತ್ತದೆ, ಬಿಸಿಲಿಗೆ ಇಳಿಯುತ್ತದೆ, ಮತ್ತೆ ಮಳೆಗೆ ಏರುತ್ತದೆ. ನಮ್ಮ ಬ್ಯಾರಲ್ ಮಾಡುವುದೂ ಅದನ್ನೇ ಅಲ್ವಾ? ನಳ ಬಂದ ದಿನ ಕಂಠದವರೆಗೆ ತುಂಬುತ್ತದೆ. ನಾಲ್ಕು ದಿನ ಇಳಿಯುತ್ತದೆ. ಐದನೇ ದಿನ ಮತ್ತೆ ಏರುತ್ತದೆ. ಐದು ದಿನಕ್ಕೊಂದು ಸಣ್ಣ ಮಳೆಗಾಲವನ್ನು ನಾವೇ ಹಿತ್ತಲಲ್ಲಿ ಸಾಕಿಕೊಂಡಿದ್ದೇವೆ. ಅದಕ್ಕೇ ಮೋಡದ ಸುಳಿವೇ ಇಲ್ಲದ ಏಪ್ರಿಲ್, ಮೇ ತಿಂಗಳಲ್ಲೂ ಇಲ್ಲಿ ಡೆಂಗಿಗೆ ಜಾಗ ಇದೆ.

ಇನ್ನೊಂದು ಸೂಕ್ಷ್ಮ ಇದೆ. ಬ್ಯಾರಲ್ ಪೂರ್ತಿ ಖಾಲಿ ಆಗುವುದೇ ಇಲ್ಲ. ನಳ ನಾಳೆ ಬರುತ್ತದೋ ನಾಡಿದ್ದೋ ಗೊತ್ತಿಲ್ಲ. ಹಾಗಾಗಿ ತಳದಲ್ಲಿ ನಾಲ್ಕಾರು ಕೊಡ ನೀರನ್ನು ಯಾರೂ ಮುಟ್ಟುವುದಿಲ್ಲ. ಹೊತ್ತಿಗಿರಲಿ ಅಂತ. ನಳ ಬಂದಾಗ ಆ ನೀರಿನ ಮೇಲೇ ಹೊಸ ನೀರು ಬೀಳುತ್ತದೆ. ಚರಿಗೆ ಅದ್ದಿದಾಗ ನೆರಳು ಬಿದ್ದರೂ ಸಾಕು, ಹುಳಗಳು ಸರಕ್ಕನೆ ತಳಕ್ಕೆ ಇಳಿಯುತ್ತವೆ. ನಾವು ಮೇಲಿನ ನೀರು ಬಳಸುತ್ತೇವೆ, ಅವು ತಳದಲ್ಲಿ ಬೆಳೆಯುತ್ತವೆ. ಇಬ್ಬರಿಗೂ ತಂಟೆಯಿಲ್ಲ.

2006ರ ನೆನಪು

ಇದೆಲ್ಲ ಬರೀ ಪುಸ್ತಕದ ಮಾತಲ್ಲ. 2005ರ ಕೊನೆಗೆ ಶುರುವಾಗಿ 2006ರಲ್ಲಿ ಚಿಕೂನ್‌ಗುನ್ಯಾ ಈ ಭಾಗವನ್ನು ಹೇಗೆ ಹಿಂಡಿತು ಎನ್ನುವುದು ನಲವತ್ತು ದಾಟಿದವರಿಗೆಲ್ಲ ನೆನಪಿದೆ. ಓಣಿಗೆ ಓಣಿಯೇ ಮಲಗಿತ್ತು. ರೊಟ್ಟಿ ಬಡಿಯಲು ಕೈ ಮಡಚುತ್ತಿರಲಿಲ್ಲ. ಜನ ಗೋಡೆ ಹಿಡಿದು ನಡೆಯುತ್ತಿದ್ದರು. ಹೆಸರನ್ನು "ಚಿಕನ್ ಗುನ್ಯಾ" ಎಂದು ಕೇಳಿಸಿಕೊಂಡು ಕೋಳಿ ತಿನ್ನುವುದನ್ನು ಬಿಟ್ಟವರೂ ಇದ್ದರು. ಪಾಪ ಕೋಳಿಗೂ ಅದಕ್ಕೂ ಸಂಬಂಧವೇ ಇಲ್ಲ. ಆಫ್ರಿಕಾದ ಮಾಕೊಂಡೆ ಭಾಷೆಯಲ್ಲಿ ಆ ಪದಕ್ಕೆ ಬಗ್ಗಿಹೋಗುವುದು, ಮುದುಡಿಕೊಳ್ಳುವುದು ಎಂಬ ಅರ್ಥ.

ಆ ವರ್ಷ ದೇಶದಲ್ಲಿ 13 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣ ದಾಖಲಾದವು. ಅರ್ಧಕ್ಕಿಂತ ಹೆಚ್ಚು ನಮ್ಮ ಕರ್ನಾಟಕದವೇ. ಅದಕ್ಕೂ ಮೊದಲು ಈ ರೋಗ ದೊಡ್ಡದಾಗಿ ಕಾಣಿಸಿಕೊಂಡಿದ್ದು 1973ರಲ್ಲಿ, ಬಾರ್ಶಿಯಲ್ಲಿ. ಬಾರ್ಶಿ ಇರುವುದು ನಮ್ಮ ಪಕ್ಕದ ಸೊಲ್ಲಾಪುರ ಜಿಲ್ಲೆಯಲ್ಲಿ. ಅಲ್ಲೂ ಇದೇ ಬರದ ಸೀಮೆ, ಇದೇ ಎರೆ ಮಣ್ಣು, ಇದೇ ನೀರು ಕೂಡಿಡುವ ಬದುಕು. ಮಳೆ ಜಾಸ್ತಿ ಇರುವಲ್ಲಿ ಸೊಳ್ಳೆ ಜಾಸ್ತಿ ಎನ್ನುವ ಲೆಕ್ಕ ಈಡಿಸ್ ವಿಷಯದಲ್ಲಿ ಅರ್ಧ ಮಾತ್ರ ಸರಿ. ನೀರಿನ ಕೊರತೆ ಇರುವಲ್ಲೂ ಅದು ಸುಖವಾಗಿರುತ್ತದೆ.

ಬೆಳಗಾವಿಯ ಕಥೆ ಸ್ವಲ್ಪ ಬೇರೆ. ಅಲ್ಲಿ ಮಳೆ ವಿಜಯಪುರದ ಸುಮಾರು ಎರಡು ಪಟ್ಟು. ಹಾಗಾಗಿ ಹಳೇ ಟೈರ್, ತೆಂಗಿನ ಚಿಪ್ಪು, ತಾರಸಿ ಮೇಲಿನ ಒಡೆದ ಬಕೆಟ್, ಕಟ್ಟಡ ಕಟ್ಟುವಲ್ಲಿ ಕ್ಯೂರಿಂಗ್‌ಗೆ ನಿಲ್ಲಿಸಿದ ನೀರು ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಬಾಗಲಕೋಟೆಗೆ ಆಲಮಟ್ಟಿಯ ಹಿನ್ನೀರು ಇದೆ. ಹಿನ್ನೀರು ಇಳಿದಾಗ ಅಂಚಿನಲ್ಲಿ ಹೊಂಡಗಳು ಉಳಿಯುತ್ತವೆ. ಮುಧೋಳ, ಜಮಖಂಡಿ ಕಡೆ ಕಬ್ಬಿನ ಗದ್ದೆಯ ನೀರು. ಈ ಹೊಂಡ, ಗದ್ದೆಗಳು ಬೇರೆ ಸೊಳ್ಳೆಗಳ ತಾಣ, ಅವಕ್ಕೆ ಬೇರೆ ಉಪಾಯ ಬೇಕು. ಮೂರೂ ಜಿಲ್ಲೆಗೆ ಬೆಂಗಳೂರಿನಲ್ಲಿ ಅಚ್ಚಾದ ಒಂದೇ ಪೋಸ್ಟರ್ ಹಚ್ಚುವುದು ಎಷ್ಟು ಸರಿ?

ಹೊಗೆ ಗಾಡಿಯ ನಾಟಕ

ಡೆಂಗಿ ಸುದ್ದಿ ಪೇಪರ್‌ನಲ್ಲಿ ಬಂದ ಮರುದಿನ ಹೊಗೆ ಗಾಡಿ ಬರುತ್ತದೆ. ಡೀಸೆಲ್‌ನಲ್ಲಿ ಮಲಾಥಿಯಾನ್ ಎಂಬ ಕೀಟನಾಶಕ ಕಲಸಿ ಬಿಡುವ ದಟ್ಟ ಹೊಗೆ. ಮಕ್ಕಳು ಹಿಂದೆ ಓಡುತ್ತವೆ. ದೊಡ್ಡವರಿಗೂ ಏನೋ ಆಗುತ್ತಿದೆ ಎಂಬ ಸಮಾಧಾನ. ನಿಜ ಹೇಳಬೇಕೆಂದರೆ ಫಾಗಿಂಗ್‌ನಿಂದ ಸಾಯುವುದು ಆ ಹೊತ್ತಿಗೆ ಹಾರುತ್ತಿರುವ, ಹೊಗೆ ತಾಗಿದ ಸೊಳ್ಳೆ ಮಾತ್ರ. ಮೊಟ್ಟೆಗೆ ಏನೂ ಆಗುವುದಿಲ್ಲ. ಹುಳಕ್ಕೂ ಏನೂ ಆಗುವುದಿಲ್ಲ. ಈಡಿಸ್ ಕೂರುವುದು ಮಂಚದ ಕೆಳಗೆ, ಬಟ್ಟೆ ನೇತುಹಾಕಿದ ಮೂಲೆಯಲ್ಲಿ. ಹೊಗೆ ಬಂತೆಂದು ನಾವು ಬಾಗಿಲು, ಕಿಟಕಿ ಹಾಕಿಕೊಳ್ಳುತ್ತೇವೆ! ಸೊಳ್ಳೆ ನಮ್ಮ ಜೊತೆ ಒಳಗೇ ಕ್ಷೇಮವಾಗಿರುತ್ತದೆ.

ಫಾಗಿಂಗ್ ಪೂರ್ತಿ ದಂಡ ಅಂತ ನಾನು ಹೇಳುತ್ತಿಲ್ಲ. ಒಂದೇ ಓಣಿಯಲ್ಲಿ ನಾಲ್ಕಾರು ಜನಕ್ಕೆ ಡೆಂಗಿ ಬಂದಿದೆ ಎಂದರೆ, ವೈರಸ್ ಹೊತ್ತು ಹಾರುತ್ತಿರುವ ಸೊಳ್ಳೆಯನ್ನು ಬೇಗ ಕೊಲ್ಲಲು ಅದು ಬೇಕು. ಮನೆಯೊಳಗೆ ಔಷಧಿ ಸಿಂಪಡಿಸಿದರೆ ಇನ್ನೂ ಒಳ್ಳೆಯದು. ಆದರೆ ಅದು ಬೆಂಕಿ ಆರಿಸುವ ಕೆಲಸ. ವರ್ಷವಿಡೀ ಮಾಡುವ ಕೆಲಸ ಬೇರೆಯೇ ಇದೆ. ಅದರಲ್ಲಿ ಸದ್ದಿಲ್ಲ, ಹೊಗೆಯಿಲ್ಲ, ಫೋಟೊ ಹೊಡೆಸಿಕೊಳ್ಳಲು ಏನೂ ಇಲ್ಲ.

ಆ ಕೆಲಸವನ್ನು ಮಾಡುವವರು ಆಶಾ, ಅಂಗನವಾಡಿ ಕಾರ್ಯಕರ್ತೆಯರು, ಆರೋಗ್ಯ ಸಹಾಯಕರು. ಮನೆ ಮನೆಗೆ ಹೋಗಿ ಲಾರ್ವಾ, ಅಂದರೆ ಈ ಹುಳದ, ಸಮೀಕ್ಷೆ ಮಾಡುತ್ತಾರೆ. ನೂರು ಮನೆ ನೋಡಿದರೆ ಎಷ್ಟು ಮನೆಯಲ್ಲಿ ಹುಳ ಸಿಕ್ಕಿತು ಎನ್ನುವುದು ಮನೆ ಸೂಚ್ಯಂಕ. ನೂರು ಮನೆಗೆ ಹುಳ ಇರುವ ಪಾತ್ರೆ ಎಷ್ಟು ಎನ್ನುವುದು ಬ್ರೆಟೋ ಸೂಚ್ಯಂಕ. ಎರಡನೆಯದು ಜಾಸ್ತಿ ಉಪಯೋಗದ್ದು, ಯಾಕೆಂದರೆ ಒಂದೇ ಮನೆಯಲ್ಲಿ ಐದು ಬ್ಯಾರಲ್ ಕೆಟ್ಟಿರಬಹುದು. ಹೊಗೆ ಗಾಡಿ ಎಷ್ಟು ಸಲ ಓಡಿತು ಎಂಬ ಲೆಕ್ಕ ಕೊಡುವ ಬದಲು ವಾರ್ಡ್ ವಾರ್ಡ್‌ನ ಈ ಅಂಕಿಯನ್ನು ಓಣಿಯ ಕಟ್ಟೆಯ ಮೇಲೆ ಬರೆದು ಹಾಕಿದರೆ ಜನಕ್ಕೇ ತಿಳಿಯುತ್ತದೆ. ನಮ್ಮ ಓಣಿಯಲ್ಲಿ ಎಷ್ಟು, ಆಚೆ ಓಣಿಯಲ್ಲಿ ಎಷ್ಟು ಅಂತ. ನಮ್ಮ ಜನಕ್ಕೆ ಓಣಿಯ ಮರ್ಯಾದೆ ಅಂದರೆ ಸುಮ್ನೆ ಅಲ್ಲ.

ಓಣಿ ಎನ್ನುವುದನ್ನು ನಾನು ಬೇಕೆಂದೇ ಹೇಳುತ್ತಿದ್ದೇನೆ. ಈಡಿಸ್ ದೂರ ಹಾರುವ ಸೊಳ್ಳೆಯಲ್ಲ. ಸಾಮಾನ್ಯವಾಗಿ ನೂರು ಇನ್ನೂರು ಮೀಟರ್ ಒಳಗೇ ಅದರ ಬದುಕು ಮುಗಿಯುತ್ತದೆ. ನಿಮ್ಮನ್ನು ಕಚ್ಚಿದ್ದು ನಿಮ್ಮ ಮನೆಯದು, ಇಲ್ಲವೇ ನಾಲ್ಕು ಮನೆ ಆಚೆಯದು. ಹಾಗಾಗಿ ಒಬ್ಬರೇ ಬ್ಯಾರಲ್ ತಿಕ್ಕಿದರೆ ಸಾಲದು. ಇಡೀ ಊರು ಒಂದೇ ದಿನ ಎದ್ದು ನಿಲ್ಲಬೇಕಾಗಿಯೂ ಇಲ್ಲ. ಒಂದು ಓಣಿಯ ಮೂವತ್ತು ನಲವತ್ತು ಮನೆಯವರು ಒಂದು ಮನಸ್ಸು ಮಾಡಿದರೆ ಆ ಓಣಿಯ ಮಟ್ಟಿಗೆ ಕೆಲಸ ಆಗುತ್ತದೆ.

ಶುಕ್ರವಾರವೋ, ನಳ ಬರುವ ದಿನವೋ

ರಾಜ್ಯದಲ್ಲಿ ಶುಕ್ರವಾರವನ್ನು "ಒಣ ದಿನ" ಮಾಡಿ ಎಂದು ಆರೋಗ್ಯ ಇಲಾಖೆ ಹೇಳುತ್ತ ಬಂದಿದೆ. ವಾರಕ್ಕೊಮ್ಮೆ ಎಲ್ಲ ಪಾತ್ರೆ ಬರಿದು ಮಾಡಿ, ತಿಕ್ಕಿ, ಒಣಗಿಸಿ ಮತ್ತೆ ತುಂಬಬೇಕು. ವಾರ ಯಾಕೆ ಎಂದರೆ ಹುಳ ಸೊಳ್ಳೆಯಾಗಲು ಕಡಿಮೆಯೆಂದರೂ ಒಂದು ವಾರ ಬೇಕು. ಲೆಕ್ಕ ಸರಿಯಾಗಿದೆ. ಶುಕ್ರವಾರವೂ ಒಳ್ಳೆಯ ಆಯ್ಕೆಯೇ. ಎಷ್ಟೋ ಮನೆಗಳಲ್ಲಿ ಅಂದು ಹೇಗೂ ಮನೆ ತೊಳೆದು, ಹೊಸ್ತಿಲು ಸಾರಿಸುತ್ತಾರೆ.

ಆದರೆ ಶುಕ್ರವಾರ ಬ್ಯಾರಲ್ ಬರಿದು ಮಾಡಿ, ನಳ ಸೋಮವಾರ ಬಂದರೆ? ಮೂರು ದಿನ ಏನು ಮಾಡಬೇಕು? ಟ್ಯಾಂಕರ್ ತರಿಸಬೇಕು, ದುಡ್ಡು ಕೊಡಬೇಕು. ಅತ್ತೆ ಆಶಾ ಕಾರ್ಯಕರ್ತೆಗೆ ಕೇಳಿದ್ದು ಇದನ್ನೇ. ನನ್ನ ಪ್ರಕಾರ ನಮ್ಮ ಕಡೆ ಒಣ ದಿನ ಕ್ಯಾಲೆಂಡರ್ ನೋಡಿ ಬರಬಾರದು, ನಳ ನೋಡಿ ಬರಬೇಕು. ನೀರು ಬರುವ ಒಂದು ತಾಸು ಮೊದಲು ತಳದ ನೀರನ್ನು ಗಿಡಕ್ಕೆ, ಅಂಗಳಕ್ಕೆ ಹಾಕಬೇಕು. ಗಟಾರಕ್ಕಲ್ಲ, ಒಣ ಮಣ್ಣಿಗೆ. ಒಣ ನೆಲದ ಮೇಲೆ ಹುಳ ಸಾಯುತ್ತದೆ. ಆಮೇಲೆ ಒಳಗಿನ ಗೋಡೆಯನ್ನು ತೆಂಗಿನ ನಾರು, ಬ್ರಷ್ ಏನಾದರೂ ಹಿಡಿದು ಗಸಗಸ ತಿಕ್ಕಬೇಕು. ಸುಮ್ನೆ ನೀರು ಕಲಕಿ ಚೆಲ್ಲಿದರೆ ಗೋಡೆಗೆ ಅಂಟಿದ ಮೊಟ್ಟೆ ಹೋಗುವುದಿಲ್ಲ. ತಿಕ್ಕುವುದೇ ಮುಖ್ಯ, ಚೆಲ್ಲುವುದು ಆಮೇಲಿನ ಮಾತು.

ಇದಕ್ಕೆ ಒಂದು ಷರತ್ತಿದೆ. ನಳ ಯಾವಾಗ ಬರುತ್ತದೆ ಎಂದು ಮೊದಲೇ ಗೊತ್ತಿರಬೇಕು. ಹೇಳಿದ ಹೊತ್ತಿಗೆ ಬರಲೂ ಬೇಕು. ನಾಳೆ ಬೆಳಗ್ಗೆ ಆರಕ್ಕೆ ನೀರು ಬರುವುದು ಖಾತ್ರಿ ಎಂದರೆ ಅತ್ತೆ ತಳದ ನೀರನ್ನು ಚೆಲ್ಲಲು ಹಿಂದೆ ಮುಂದೆ ನೋಡುವುದಿಲ್ಲ. ನಮ್ಮ ಓಣಿಯಲ್ಲಿ ಒಮ್ಮೆ ನೀರು ಬಂದದ್ದು ರಾತ್ರಿ ಎರಡಕ್ಕೆ, ಅದೂ ಎಂಟನೇ ದಿನ. ಯಾರಾದರೂ ಆಗ ಎದ್ದು ಬ್ಯಾರಲ್ ತಿಕ್ಕುತ್ತಾರಾ? ಪೈಪು ಹಚ್ಚಿ, ತುಂಬಿ, ಮಲಗುತ್ತಾರೆ. ಹಾಗಾಗಿ ವಾಲ್ವ್ ತಿರುಗಿಸುವ ಮನುಷ್ಯ, ಹಳ್ಳಿಯಲ್ಲಾದರೆ ನೀರಗಂಟಿ, ಡೆಂಗಿ ತಡೆಯುವ ಕೆಲಸದಲ್ಲಿ ಡಾಕ್ಟರರಷ್ಟೇ ಮುಖ್ಯ. ಹಿಂದಿನ ಸಂಜೆ ಓಣಿಯ ವಾಟ್ಸಾಪ್ ಗುಂಪಿಗೆ ಆತ ಕಳಿಸುವ ಒಂದು ಸಾಲು, "ನಾಳೆ ಮುಂಜಾನೆ 6ಕ್ಕೆ ನೀರು", ಒಂದು ಹೊಗೆ ಗಾಡಿಗಿಂತ ಹೆಚ್ಚು ಸೊಳ್ಳೆ ಕೊಲ್ಲುತ್ತದೆ. ಆರೋಗ್ಯ ಇಲಾಖೆಯ ಸಭೆಗೆ ನೀರು ಬಿಡುವವರನ್ನು ಕರೆಯುವ ಪದ್ಧತಿಯೇ ಇಲ್ಲದಿದ್ದರೆ ಇದು ಆಗುವುದಾದರೂ ಹೇಗೆ?

ದೂರದ ಪರಿಹಾರ ಎಲ್ಲರಿಗೂ ಗೊತ್ತು, ದಿನದ 24 ತಾಸೂ ನೀರು. ಬೆಳಗಾವಿಯ ಕೆಲವು ವಾರ್ಡ್‌ಗಳು ಇದನ್ನು 2008ರಲ್ಲೇ ಕಂಡವು. ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಕಲಬುರಗಿಯ ಸುಮಾರು ಹತ್ತನೇ ಒಂದು ಪಾಲು ಜನಕ್ಕೆ ಮಾದರಿಯಾಗಿ ನಿರಂತರ ನೀರು ಕೊಟ್ಟರು. ಉಳಿದ ಭಾಗಕ್ಕೆ ವಿಸ್ತರಿಸುವ ಕೆಲಸ ಆಮೇಲೆ ಶುರುವಾಯಿತು. ಇಂಥ ಯೋಜನೆಯನ್ನು ನಾವು ನೀರಿನ ಖಾತೆಯಲ್ಲಿ ಬರೆಯುತ್ತೇವೆ. ಸೊಳ್ಳೆಯ ಖಾತೆಯಲ್ಲೂ ಬರೆಯಬೇಕು. ನಲ್ಲಿ ತಿರುಗಿಸಿದರೆ ನೀರು ಬರುತ್ತದೆ ಎಂಬ ನಂಬಿಕೆ ಹುಟ್ಟಿದ ಮನೆಯಲ್ಲಿ ಬ್ಯಾರಲ್ ತಾನಾಗಿಯೇ ಮೂಲೆ ಸೇರುತ್ತದೆ. ಆ ನಂಬಿಕೆ ಹುಟ್ಟಲು ಮಾತ್ರ ವರ್ಷಗಳು ಬೇಕು. ಬರ ಕಂಡವರು ಅಷ್ಟು ಸುಲಭಕ್ಕೆ ಕೊಡ ಬಿಡುವುದಿಲ್ಲ.

ಬಟ್ಟೆ, ಮೀನು, ದಂಡ

ಅಲ್ಲಿಯವರೆಗೆ ಏನು? ಎಲ್ಲಕ್ಕಿಂತ ಅಗ್ಗದ ಉಪಾಯ ಬ್ಯಾರಲ್ ಬಾಯಿಗೆ ಬಟ್ಟೆ. ಹಳೇ ಧೋತರದ ತುಂಡು, ಮೇಲೆ ಸೈಕಲ್ ಟ್ಯೂಬಿನ ಬಿಗಿ. ಮರದ ಹಲಗೆ, ತಗಡು ಮುಚ್ಚಿದರೆ ಸಂದಿ ಉಳಿಯುತ್ತದೆ, ಸೊಳ್ಳೆಗೆ ಅಷ್ಟು ಸಂದಿ ಸಾಕು. ಬಟ್ಟೆ ಜೋತು ಬಿದ್ದು ನೀರಿಗೆ ತಾಗಬಾರದು. ತಾಗಿದರೆ ಆ ಒದ್ದೆ ಬಟ್ಟೆಯ ಮೇಲೇ ಮೊಟ್ಟೆ ಇಡಬಹುದು. ಹುಳ ಕೊಲ್ಲಲು ಆಶಾ ಕಾರ್ಯಕರ್ತೆಯರು ನೀರಿಗೆ ಟೆಮಿಫಾಸ್ ಎಂಬ ಔಷಧಿಯ ದ್ರಾವಣ ಹಾಕುತ್ತಾರೆ. ಹೇಳಿದ ಅಳತೆಯಲ್ಲಿ ಹಾಕಿದರೆ ಅಪಾಯವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದೆ. ಆದರೆ ವಾಸನೆ ಬರುತ್ತದೆ ಎಂದು ಆಶಾ ಹೋದ ಮೇಲೆ ಆ ನೀರು ಚೆಲ್ಲುವವರಿದ್ದಾರೆ. ಒಂದು ರೀತಿಯಲ್ಲಿ ಅದೂ ಒಳ್ಳೆಯದೇ ಆಯಿತು ಅನ್ನಿ!

ಮೀನಿನ ಉಪಾಯ ನನಗೆ ಇಷ್ಟ. ಗ್ಯಾಂಬೂಸಿಯಾ ಎಂಬ ಸಣ್ಣ ಮೀನು ಅಮೆರಿಕ ಕಡೆಯದು, 1928ರಲ್ಲಿ ನಮ್ಮ ದೇಶಕ್ಕೆ ಬಂತು. ಬೆಳೆದ ಒಂದು ಮೀನು ದಿನಕ್ಕೆ ನೂರಕ್ಕೂ ಹೆಚ್ಚು ಹುಳ ತಿನ್ನುತ್ತದೆ. ಗಪ್ಪಿಯೂ ಇದೇ ಕೆಲಸ ಮಾಡುತ್ತದೆ. ನಮ್ಮ ರಾಜ್ಯದ ಕೋಲಾರ, ಹಾಸನ ಜಿಲ್ಲೆಗಳ ಹಳ್ಳಿಗಳಲ್ಲಿ ಬಾವಿಗೆ ಮೀನು ಬಿಟ್ಟು ಮಲೇರಿಯಾ ಇಳಿಸಿದ ಅನುಭವ ಇದೆ. ಕುಡಿಯುವ ನೀರಿನಲ್ಲಿ ಮೀನು ಎಂದರೆ ನಮ್ಮ ಕಡೆಯ ಎಷ್ಟೋ ಮನೆಯವರು ಒಪ್ಪುವುದಿಲ್ಲ. ಒತ್ತಾಯ ಬೇಡ. ದನ ಕುಡಿಯುವ ಕಲ್ಲಿನ ದೋಣಿ, ಹಳೇ ಬಾವಿ, ಬಳಕೆಯ ಹೌದು ಇವಕ್ಕೆ ಬಿಡಬಹುದು. ಒಂದು ಎಚ್ಚರಿಕೆ: ಗ್ಯಾಂಬೂಸಿಯಾವನ್ನು ಕೆರೆಗೆ, ಹಳ್ಳಕ್ಕೆ ಬಿಡಬೇಡಿ. ನಮ್ಮ ಊರಿನ ಮೀನಿನ ಮರಿ, ಕಪ್ಪೆಯ ಮರಿಗಳನ್ನೂ ಅದು ಬಿಡುವುದಿಲ್ಲ. ವಿಯೆಟ್ನಾಂನ ಹಳ್ಳಿಗಳಲ್ಲಿ ಮೀನಿಗಿಂತ ಎಷ್ಟೋ ಸಣ್ಣದಾದ, ಮೆಸೊಸೈಕ್ಲಾಪ್ಸ್ ಎಂಬ ನೀರಿನ ಜೀವಿಯನ್ನು ಗುಡಾಣಗಳಿಗೆ ಬಿಟ್ಟು ಈಡಿಸ್ ಹುಳ ತಿನ್ನಿಸಿದರು. ಊರವರೇ ಅದನ್ನು ಒಂದು ಗುಡಾಣದಿಂದ ಇನ್ನೊಂದಕ್ಕೆ ಹಂಚಿದರು.

2024ರಲ್ಲಿ ರಾಜ್ಯದಲ್ಲಿ ಡೆಂಗಿ 25 ಸಾವಿರ ದಾಟಿದಾಗ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿ ದಂಡದ ನಿಯಮ ತಂದಿತು. ಸೊಳ್ಳೆ ಹುಟ್ಟಲು ಬಿಟ್ಟರೆ ನಗರದ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200. ಖಾಲಿ ಸೈಟು, ಕಟ್ಟಡ ಕಟ್ಟುವ ಜಾಗಕ್ಕೆ ನಗರದಲ್ಲಿ 2000, ಹಳ್ಳಿಯಲ್ಲಿ 1000. ಖಾಲಿ ಸೈಟಿನ ಮಟ್ಟಿಗೆ ನಾನು ಇದನ್ನು ಒಪ್ಪುತ್ತೇನೆ. ಮಾಲೀಕರು ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ, ಸೊಳ್ಳೆ ನಮ್ಮ ಪಾಲಿಗೆ. ಆದರೆ ಎಂಟು ದಿನಕ್ಕೊಮ್ಮೆ ನೀರು ಬರುವ ಓಣಿಯಲ್ಲಿ ಬ್ಯಾರಲ್ ಇಟ್ಟವರಿಗೆ 400 ರೂಪಾಯಿ ದಂಡ ಹಾಕಿದರೆ, ನೀರು ತಡಮಾಡಿದವರಿಗೆ ಎಷ್ಟು ಹಾಕಬೇಕು? ಆ ಸಾಲು ನಿಯಮದಲ್ಲಿಲ್ಲ.

ಸೊಳ್ಳೆಯೊಳಗೇ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಸೇರಿಸಿ ಡೆಂಗಿ ಹರಡದಂತೆ ಮಾಡುವ ಉಪಾಯವೂ ಬಂದಿದೆ. ಇಂಡೋನೇಷ್ಯಾದ ಯೋಗ್ಯಕರ್ತದಲ್ಲಿ ಅದರಿಂದ ಡೆಂಗಿ ಶೇಕಡಾ 77ರಷ್ಟು ಇಳಿಯಿತು. ಪುದುಚೇರಿಯ ಸಂಶೋಧನಾ ಕೇಂದ್ರ ನಮ್ಮ ದೇಶದ ಈಡಿಸ್‌ನಲ್ಲಿ ಅಂಥ ತಳಿ ಬೆಳೆಸಿದೆ. ಅದು ನಮ್ಮ ಓಣಿಗೆ ಬಂದಾಗ ಬರಲಿ.

ಸೊಳ್ಳೆ ಮತ್ತು ಮಲೇರಿಯಾದ ನಂಟು ಬಿಡಿಸಿದ ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನಲ್ಲಿ ಸೈನ್ಯದ ವೈದ್ಯರಾಗಿದ್ದರು. ನೀರು ಸಿಗದಂತೆ ಮಾಡಿದರೆ ಸೊಳ್ಳೆಯನ್ನು ಇಳಿಸಬಹುದು ಎನ್ನುವುದು ಅವರಿಗೆ ಹೊಳೆದದ್ದು ಅಲ್ಲಿ. ಸಿಕಂದರಾಬಾದ್‌ನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರೋಪಜೀವಿಯನ್ನು ಕಂಡದ್ದು 1897ರ ಆಗಸ್ಟ್ 20ರಂದು. ಅಂದರೆ ಉಪಾಯ ಮೊದಲು ಸಿಕ್ಕಿತ್ತು, ಕಾರಣ ಹದಿನಾಲ್ಕು ವರ್ಷ ಆದ ಮೇಲೆ. ನಮಗೀಗ ಕಾರಣ ಚೆನ್ನಾಗಿ ಗೊತ್ತಿದೆ. ನಳದ ವೇಳಾಪಟ್ಟಿ ಸಿಕ್ಕಿಲ್ಲ.

ಅತ್ತೆಯ ಬ್ಯಾರಲ್‌ಗೆ ಈಗ ಧೋತರದ ತುಂಡು ಬಿಗಿದಿದೆ. ಆಶಾ ಮುಂದಿನ ಸಲ ಬಂದಾಗ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ನೀರು ಬಿಡುವ ಹುಡುಗನ ನಂಬರು ಆಕೆಯ ಹತ್ತಿರ ಇತ್ತು. ಆತ ಹಿಂದಿನ ರಾತ್ರಿ ಆಕೆಗೆ ಫೋನ್ ಮಾಡುತ್ತಾನೆ, ಆಕೆ ಓಣಿಯ ಗುಂಪಿಗೆ ಹಾಕುತ್ತಾರೆ. ಮೆಸೇಜ್ ಬಂದ ಮುಂಜಾನೆ ತಳದ ನೀರು ಕರಿಬೇವಿನ ಗಿಡಕ್ಕೆ ಹೋಗುತ್ತದೆ. ಮೆಸೇಜ್ ಬಾರದೆ ನೀರು ಬಂದ ದಿನ ಅತ್ತೆ ಬ್ಯಾರಲ್ ತಿಕ್ಕುವುದಿಲ್ಲ. ಕಳೆದ ತಿಂಗಳು ಹಾಗೆ ಎರಡು ಸಲ ಆಯಿತು.